ಬಲಗೈಗೆ ರಜೆ

ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿದ ದಿನದಿಂದ ಅಜ್ಜಿಗೆ ಒಂದೇ ಚಿಂತೆ: ಕೈ ಪೂರ್ತಿ ವಾಸಿಯಾಗಿಬಿಟ್ಟರೆ ಏನು ಗತಿ?

ಅವರು ಬಚ್ಚಲಲ್ಲಿ ಜಾರಿ ಮೂಳೆ ಮುರಿದುಕೊಂಡ ಮೇಲೆ ತಾತ ಅಡುಗೆಮನೆ ಹೊಕ್ಕಿದ್ದರು. ಮದುವೆಯಾದಾಗಿನಿಂದ ಒಂದು ಲೋಟ ತೊಳೆಯದವರು ಈಗ ಚಹಾ ಮಾಡಿ ಕೈಗೆ ಕೊಡುತ್ತಿದ್ದರು. ಸಕ್ಕರೆ ಒಂದು ದಿನ ವಿಪರೀತ, ಇನ್ನೊಂದು ದಿನ ಇಲ್ಲವೇ ಇಲ್ಲ. ಆದರೆ ಚಹಾ ಬಿಸಿಯಾಗಿರುತ್ತಿತ್ತು. ಎಲ್ಲರಿಗೂ ಕೊಟ್ಟು, ಆರಿದ್ದನ್ನೇ ಕುಡಿದು ಮುದುಕಿಯಾದ ಅಜ್ಜಿ ಈಗ ಕಿಟಕಿ ಪಕ್ಕ ಕೂತು ನಾಲಿಗೆ ಸುಟ್ಟುಕೊಳ್ಳುವ ಸುಖ ಕಂಡಿದ್ದರು.

ಆ ಬೆಳಿಗ್ಗೆ ಎದುರುಮನೆಯ ಟೀಚರಮ್ಮ ಡಬ್ಬಿ ಹಿಡಿದು ಬಂದರು.

"ಮುಚ್ಚಳ ಹಿಡ್ಕೊಂಡುಬಿಟ್ಟಿದೆ. ನಿಮ್ಮ ಯಜಮಾನ್ರು ಇಲ್ವಾ?"

ತಾತ ಸ್ನಾನಕ್ಕೆ ಹೋಗಿದ್ದರು. ಅಜ್ಜಿಯ ಬಲಗೈ ಕರೆಯದೆ ಬಂದ ನೆಂಟನಂತೆ ತಾನೇ ಮುಂದೆ ಹೋಗಿ ಮುಚ್ಚಳ ತಿರುವಿಬಿಟ್ಟಿತು.

"ಅರೆ, ವಾಸಿ ಆಗಿದೆಯಲ್ರೀ."

"ಅಯ್ಯೋ, ಸತ್ತೆ," ಎಂದು ಅಜ್ಜಿ ತಡವಾಗಿ ನರಳಿದರು, ಗಾಬರಿಯಲ್ಲಿ ಎಡಗೈ ಹಿಡಿದುಕೊಂಡು.

"ಮುರಿದಿದ್ದು ಬಲಗೈ ಅಲ್ವಾ?"

"ನೋವು ಅಲ್ಲಿಂದ ಇಲ್ಲಿಗೆ ಬರುತ್ತೆ."

ಟೀಚರಮ್ಮ ನಂಬಲಿಲ್ಲ. ಟವೆಲ್ ಸುತ್ತಿಕೊಂಡು ಓಡಿಬಂದ ತಾತ ಪೂರ್ತಿ ನಂಬಿದರು. "ಈಗಲೇ ಫಿಸಿಯೋಥೆರಪಿಗೆ ಹೋಗೋಣ," ಎಂದರು.

"ಏನಂತಾರೋ ನೋಡೇಬಿಡೋಣ," ಎಂದು ಟೀಚರಮ್ಮನೂ ಆಟೋ ಹತ್ತಿದರು.

ಫಿಸಿಯೋಥೆರಪಿ ಮಾಡುವ ಹುಡುಗಿ ಅಜ್ಜಿಯ ಕೈಗೆ ರಬ್ಬರ್ ಚೆಂಡು ಕೊಟ್ಟಳು. "ಹಿಚುಕಿ, ಅಜ್ಜಿ."

ಅಜ್ಜಿ ನಿದ್ದೆ ಮಾಡುವ ಮಗುವಿನ ಕೆನ್ನೆ ಮುಟ್ಟುವ ಹಾಗೆ ಮುಟ್ಟಿದರು.

"ಬೆಳಿಗ್ಗೆ ಒಂದು ಡಬ್ಬಿ..." ಟೀಚರಮ್ಮ ಬಾಯಿ ತೆರೆದರು. ಅಜ್ಜಿಗೆ ಜೋರು ಕೆಮ್ಮು ಬಂತು.

"ಕೈ ತುಂಬಾ ಬಿಗಿದ್ಕೊಂಡಿದೆ," ಎಂದಳು ಹುಡುಗಿ. "ಮನೆ ಕೆಲಸ ಯಾರು ಮಾಡ್ತಾರೆ?"

"ಎಲ್ಲಾ ನಾನೇ." ತಾತ ಎದೆಯುಬ್ಬಿಸಿದರು.

"ಅದೇ ತಪ್ಪಾಗಿರೋದು, ತಾತ. ಕೈ ವಾಸಿಯಾಗಿದ್ದಿದ್ರೆ ನೀವೇ ಮಾಡ್ಕೊಂಡಿರಿ ಅಂತಿದ್ದೆ. ಇನ್ಮೇಲೆ ಏನೂ ಮುಟ್ಟಬೇಡಿ. ಹಿಟ್ಟು ನಾದೋದು, ಪಾತ್ರೆ ಉಜ್ಜೋದು, ಬಟ್ಟೆ ಹಿಂಡೋದು, ಚಹಾ ಸೋಸೋದು, ಎಲ್ಲಾ ಅಜ್ಜಿನೇ ಮಾಡ್ಲಿ. ಇವರಿಗೆ ಅದೇ ವ್ಯಾಯಾಮ."

ಹೆಂಡತಿ ಬೇಗ ಗುಣವಾಗಲೆಂದು ತಾತ ಶ್ರದ್ಧೆಯಿಂದ ಕೇಳಿದರು: "ನನ್ನ ಪ್ಯಾಂಟುಗಳು ದಪ್ಪ ಬಟ್ಟೆಯವು. ಹಿಂಡೋಕೆ ಪರವಾಗಿಲ್ವಾ?"

"ದಪ್ಪ ಇದ್ದಷ್ಟೂ ಒಳ್ಳೇದು."

ಮಡಿಲಲ್ಲಿದ್ದ ಅಜ್ಜಿಯ ಬಲಗೈ ಐದೂ ಬೆರಳು ಮಡಚಿ ಕಲ್ಲಿನಂಥ ಮುಷ್ಟಿಯಾಯಿತು.

"ನೋಡಿ, ತಾತ," ಹುಡುಗಿ ಹಿಗ್ಗಿದಳು, "ಬರೀ ಹೇಳಿದ್ದಕ್ಕೇ ಎಷ್ಟು ಗುಣ ಕಾಣ್ತಿದೆ."