ಚೆಂಡು ಒದ್ದರೆ ಬಿಟ್ಟಿ ಊಟ

ಚೆಂಡಿನ ಹಿಂದೆ ಓಡುವವನನ್ನು ಕಂಡರೆ ಜನಕ್ಕೆ ಏನಾದರೊಂದು ಅನುಮಾನ ಬಂದೇ ಬರುತ್ತದೆ. ನನ್ನ ವಿಷಯದಲ್ಲಿ ಮೊದಲು ನಮ್ಮಪ್ಪನಿಗೆ ಬಂತು, ಆಮೇಲೆ ಎದುರು ತಂಡಕ್ಕೆ, ಕಡೆಗೆ ಒಂದು ಸಮಿತಿಗೇ ಬಂತು. ಆದರೂ ನಾನು ನಾಲ್ಕಕ್ಷರ ಕಲಿತು, ಸಾಲಿಗ್ರಾಮದಲ್ಲಿ ಮೇಷ್ಟ್ರಾಗಿ ಹೊಟ್ಟೆ ಹೊರೆದದ್ದು ಆ ಚೆಂಡಿನ ಪುಣ್ಯದಿಂದಲೇ. ಅನುಮಾನಪಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಇರುವವರು ಚೆನ್ನಾಗಿರಲಿ, ಹೋದವರಿಗೆ ಸದ್ಗತಿ ಸಿಗಲಿ.

ತೋಟ ಯಾವ ಕಡೆ?

ಮಹಾರಾಜರ ಕಾಲ. ನಮ್ಮೂರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ. ಹೈಸ್ಕೂಲು ಮುಗಿಸಿ ಅಪ್ಪನ ಜೊತೆ ಉಳುತ್ತಿದ್ದೆ. ಕಾಲೇಜು ಓದುವ ಆಸೆ ಬೆಟ್ಟದಷ್ಟಿತ್ತು, ಅನುಕೂಲ ಇರಲಿಲ್ಲ. ಒಂದು ದಿನ ಮೈಸೂರಿನ ಕಾಲೇಜೊಂದರ ಆಟದ ಮೇಷ್ಟ್ರು, ಕೋಟು, ಜರಿಪೇಟದ ಸಮೇತ ನಮ್ಮ ಜಗಲಿಗೆ ಬಂದು ಕೂತರು. ಹುಣಸೂರಿನ ಮೈದಾನದಲ್ಲಿ ನಾನು ಆಡಿದ್ದನ್ನು ನೋಡಿದ್ದರಂತೆ. ನನ್ನನ್ನು ನಿಲ್ಲಿಸಿ ಮೀನಖಂಡ ಅಮುಕಿ ನೋಡಿ, "ಹುಡುಗನ್ನ ಕಳಿಸಿಕೊಡಿ. ಫೀಸು ಮಾಫಿ. ಹಾಸ್ಟೆಲಿನಲ್ಲಿ ಊಟ, ವಸತಿ ಬಿಟ್ಟಿ. ಚೆಂಡು ಆಡಿದರೆ ಸಾಕು" ಅಂದರು.

ಕೊಡಗಿನ ಕಾಫಿ ತೋಟಗಳಿಗೆ ಆಳು ಹಿಡಿಯುವ ಮೇಸ್ತ್ರಿಗಳು ಆಗ ನಮ್ಮ ಕಡೆಗೆ ಹೀಗೇ ಬರುತ್ತಿದ್ದರು. ಅದು ಬಿಟ್ಟಿ, ಇದು ಬಿಟ್ಟಿ ಎಂದು ಬೆಣ್ಣೆ ಮಾತಾಡಿ ಕರಕೊಂಡು ಹೋದರೆ, ಆಳು ವಾಪಸ್ಸು ಬರುವುದು ಚಳಿಜ್ವರ ಹಿಡಿದ ಮೇಲೆಯೇ. ಅಪ್ಪ ಎಲೆಯಡಿಕೆ ಉಗಿದು ಬಂದು ನಿಧಾನವಾಗಿ ಕೇಳಿದ.

"ತ್ವಾಟ ಯಾವ ಕಡೆ ಸ್ವಾಮಿ? ಮಡಿಕೇರಿನೋ, ಸಿದ್ದಾಪುರನೋ?"

"ತೋಟ ಅಲ್ಲ ಗೌಡರೇ, ಕಾಲೇಜು. ಮೈಸೂರಲ್ಲಿ."

"ಮೈಸೂರಲ್ಲಿ ಯಾವಾಗಿಂದ ಕಾಫಿ ಬೆಳೀತಾರೆ?"

ಎಷ್ಟು ಹೇಳಿದರೂ ಅಪ್ಪ ಜಗ್ಗಲಿಲ್ಲ. ಕೊನೆಗೆ ಅಷ್ಟು ಓದಿದ ಮೇಷ್ಟ್ರು ಮಾರಮ್ಮನ ಗುಡಿ ಮುಂದೆ ನಿಂತು, ಉರಿಯುವ ಕರ್ಪೂರ ಮುಟ್ಟಿ, ತಾವು ಮೇಸ್ತ್ರಿಯಲ್ಲ ಎಂದು ಆಣೆ ಮಾಡಿದರು. ನಾನು ಕಾಲೇಜು ಸೇರಲು ಪರೀಕ್ಷೆ ಎದುರಿಸಿದ್ದು ನಾನಲ್ಲ, ಅವರು.

ಕಾಲಿನ ಪಟ್ಟಿ

ಕಾಲೇಜಿನಲ್ಲಿ ಬೂಟು ಕೊಟ್ಟರು. ಹಾಕಿಕೊಂಡರೆ ಯಾರದೋ ಕಾಲಲ್ಲಿ ನಡೆದ ಹಾಗಾಗುತ್ತಿತ್ತು. ಬಿಚ್ಚಿಟ್ಟು ಬರಿಗಾಲಲ್ಲೇ ಆಡಿದೆ. ಆಗ ಬಹಳ ಜನ ಹಾಗೇ ಆಡುತ್ತಿದ್ದರು.

ಒಂದು ಪಂದ್ಯದ ಹಿಂದಿನ ದಿನ ಎಡವಿ ಹೆಬ್ಬೆರಳು ಊದಿತ್ತು. ಅವ್ವ ಮಾಡುತ್ತಿದ್ದ ಹಾಗೆ ಈರುಳ್ಳಿ ಜಜ್ಜಿ, ಅರಿಶಿನ, ಹರಳೆಣ್ಣೆ ಸೇರಿಸಿ ಬಿಸಿ ಮಾಡಿ ಬಟ್ಟೆ ಸುತ್ತಿಕೊಂಡು ಆಟಕ್ಕಿಳಿದೆ. ನನ್ನದೊಂದು ಒದೆತಕ್ಕೆ ಚೆಂಡು ಮೈದಾನದ ಆಚೆ ಬಿತ್ತು. ಎದುರು ತಂಡದವರು ರೆಫರಿಯ ಹತ್ತಿರ ಓಡಿ, "ಬಟ್ಟೆಯೊಳಗೆ ಕಬ್ಬಿಣ ಇಟ್ಟಿದ್ದಾನೆ ಸಾರ್, ಬಿಚ್ಚಿಸಿ" ಎಂದು ಹಟ ಹಿಡಿದರು.

ರೆಫರಿ ವಯಸ್ಸಾದವರು. ಕುಂಟುತ್ತಾ ಬಂದು ಬಿಚ್ಚಿಸಿದರು. ವಾಸನೆಗೆ ಎದುರು ತಂಡದ ಕ್ಯಾಪ್ಟನ್ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ರೆಫರಿ ಮಾತ್ರ ಬಗ್ಗಿ ನೋಡಿ, ಸಣ್ಣ ದನಿಯಲ್ಲಿ "ಮಂಡಿ ನೋವಿಗೂ ಆಗ್ತದೇನಪ್ಪ?" ಅಂದರು. ಆಗುತ್ತದೆ ಅಂದೆ. ಈರುಳ್ಳಿ ಎಷ್ಟು, ಎಣ್ಣೆ ಎಷ್ಟು, ಯಾವ ಹೊತ್ತಿಗೆ ಕಟ್ಟಬೇಕು, ಎಲ್ಲವನ್ನೂ ಕೇಳಿ ತಿಳಿದುಕೊಂಡ ಮೇಲೆಯೇ ಅವರು ಸೀಟಿ ಊದಿದ್ದು.

ಕೆಲಸದಲ್ಲಿರುವ ಹುಡುಗ

ಆ ವರ್ಷದ ಕೊನೆಯ ಪಂದ್ಯ ಬೆಂಗಳೂರಿನ ಕಾಲೇಜೊಂದರ ಮೇಲೆ, ಮೈಸೂರಿನಲ್ಲಿ. ಅಪ್ಪ ಹುಣಸೂರಿನ ಬಸ್ಸು ಹತ್ತಿ ನೋಡಲು ಬಂದಿದ್ದ. ನಾವು ಗೆದ್ದೆವು. ಮಾರನೆಯ ದಿನ ಬೆಂಗಳೂರಿನವರ ದೂರು ಬಂತು: ಈ ಹುಡುಗ ವಿದ್ಯಾರ್ಥಿಯೇ ಅಲ್ಲ, ಹುಣಸೂರಿನ ಮರದ ಡಿಪೋದಲ್ಲಿ ಗುಮಾಸ್ತ, ಹೊರಗಿನವನನ್ನು ತಂದು ಆಡಿಸಿದ್ದಾರೆ, ಅವನ ಅಪ್ಪನೇ ಬಾಯಿಬಿಟ್ಟು ಹೇಳಿದ್ದಾನೆ.

ದೂರು ನಿಜವೆಂದಾದರೆ ಫೀಸಿನ ಮಾಫಿ ಹೋಗುತ್ತದೆ, ಹಾಸ್ಟೆಲು ಹೋಗುತ್ತದೆ, ಮತ್ತೆ ನೇಗಿಲು ಹಿಡಿಯಬೇಕು. ನನ್ನನ್ನು ಕರೆತಂದ ಮೇಷ್ಟ್ರ ಮಾನವೂ ಹೋಗುತ್ತದೆ. ಅಪ್ಪ ಇನ್ನೂ ಊರಿಗೆ ಹೊರಟಿರಲಿಲ್ಲ. ಪಂದ್ಯ ನಡೆಸುವ ಸಮಿತಿಯವರು ಎಲ್ಲರನ್ನೂ ಕರೆಸಿದರು.

"ಗೌಡರೇ, ಮಗ ಏನು ಮಾಡ್ತಿದ್ದಾನೆ?" ಎಂದು ಅಧ್ಯಕ್ಷರು ಕೇಳಿದರು.

"ಓದ್ತಾವ್ನೆ ಬುದ್ದಿ."

ಬೆಂಗಳೂರಿನ ಮೇಷ್ಟ್ರು ಎದ್ದು ನಿಂತರು. "ನಿನ್ನೆ ನನ್ನ ಹತ್ತಿರ ಡಿಪೋದಲ್ಲಿ ಗುಮಾಸ್ತ, ಕೈತುಂಬ ಸಂಬಳ ಅಂದಿರಲ್ಲ?"

ಅಪ್ಪ ನೆಲ ನೋಡಿದ. "ಅಂದೆ ಸ್ವಾಮಿ."

ನಮ್ಮ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. "ಯಾಕೆ ಹಾಗಂದಿರಿ?" ಅಂದರು ಅಧ್ಯಕ್ಷರು.

"ಇವ್ರು ಬಂದು ಪಕ್ಕದಲ್ಲಿ ಕೂತ್ಕಂಡ್ರು ಬುದ್ದಿ. ಉಡುಗ ನಿಮ್ಮೋನಾ, ವಯಸ್ಸೆಷ್ಟು, ಜಮೀನೆಷ್ಟು, ಏನ್ ಕೆಲ್ಸ ಅಂತ ಒಂದೊಂದೇ ಕೇಳುದ್ರು. ಹೆಣ್ಣು ಕೊಡೋಕೆ ಬಂದವ್ರೆ ಅನ್ಕಂಡೆ. ಇನ್ನೂ ಓದ್ತಾವ್ನೆ ಅಂದ್ರೆ ಯಾರು ಹೆಣ್ಣು ಕೊಟ್ಟಾರು? ಅದ್ಕೆ ನಾನೇ ಕೆಲ್ಸ ಕೊಡಿಸ್ದೆ."

ಬೆಂಗಳೂರಿನ ಮೇಷ್ಟ್ರ ಮುಖ ಕೆಂಪಾಯಿತು. "ನನಗೆ ಹೆಣ್ಣುಮಕ್ಕಳೇ ಇಲ್ಲ" ಅಂದರು.

ಅಪ್ಪ ತಲೆಯೆತ್ತಿ ಅವರನ್ನೇ ನೋಡಿದ. ಅವನಿಗೆ ನಿಜವಾಗಿ ನೋವಾಗಿತ್ತು. "ಹೆಣ್ಣೇ ಇಲ್ದೆ ಗಂಡು ನೋಡೋಕೆ ಬಂದಿದ್ರಾ? ಅಂಗಾದ್ರೆ ಮೋಸ ಮಾಡ್ದೋರು ಯಾರು ಸ್ವಾಮಿ?"

ಅಧ್ಯಕ್ಷರು ನಗು ತಡೆಯಲಾರದೆ ಕನ್ನಡಕ ತೆಗೆದು ಒರೆಸಿಕೊಂಡರು, ದೂರನ್ನು ಅಲ್ಲೇ ತಳ್ಳಿಹಾಕಿದರು. ನನ್ನ ಓದು ಉಳಿಯಿತು. ಆಚೆ ಬಂದವನೇ ಮೊದಲು ಮೇಷ್ಟ್ರ ಕಾಲಿಗೆ ಬಿದ್ದೆ, ಆಮೇಲೆ ಅಪ್ಪನ ಕಾಲಿಗೆ. ಇವರಿಬ್ಬರ ಋಣ ಈ ಜನ್ಮದಲ್ಲಿ ತೀರುವುದಿಲ್ಲ ಅನ್ನಿಸಿ ಕಣ್ಣು ತುಂಬಿತು.

ಅಪ್ಪನ ಮುಖ ಮಾತ್ರ ಸಪ್ಪಗಿತ್ತು. "ಗೆದ್ದೆವಲ್ಲಪ್ಪ, ಇನ್ಯಾಕೆ ಚಿಂತೆ?" ಅಂದೆ.

"ಗೆದ್ದದ್ದು ಇರ್ಲಿ ಬುಡ್ಲಾ. ಹೆಣ್ಣು ಗೊತ್ತಾದಂಗೇ ಅಂತ ನಿನ್ನೆ ಸಾಯಂಕಾಲಾನೇ ಬಸ್ಸಿನ ಡ್ರೈವರ್ ಕೈಲಿ ನಿಮ್ಮವ್ವಂಗೆ ಯೋಳಿ ಕಳಿಸ್ಬುಟ್ಟಿವ್ನಿ. ಇಷ್ಟೊತ್ತಿಗೆ ಅವ್ಳು ಅಕ್ಕಿ ನೆನೆಯಾಕಿ ಊರಿಗೆಲ್ಲಾ ಕಜ್ಜಾಯ ಮಾಡ್ತಾ ಕೂತಿರ್ತಾಳೆ."