ಹದಿನೇಳನೇ ಶಾಲೆಯ ನಾಲ್ಕು ತಾಸು

ಇಲ್ಲ, ಉದಗೀರ ಕಡೆಯ ಶಾಲೆಯಲ್ಲ. ಬಸ್ಸು ನನ್ನನ್ನು ಕಾಸಾರಶಿರಸಿಯಲ್ಲಿ ಇಳಿಸಿದ್ದು ನೆನಪಿದೆ, ಹಾಗಾದರೆ ಅದು ನಿಲಂಗಾ ತಾಲೂಕೇ ಇರಬೇಕು. ಆದರೆ ಈ ಸಂಗತಿಯನ್ನು ಎಷ್ಟು ಜನರ ಮುಂದೆ ಹೇಳಿ ನಗಿಸಿದ್ದೇನೆಂದರೆ, ಕಂಡದ್ದು ಯಾವುದು, ನಗಿಸಲು ಸೇರಿಸಿದ್ದು ಯಾವುದು ಎಂದು ಈಗ ನನಗೇ ಬೇರ್ಪಡಿಸಲಾಗದು. ನನ್ನ ಎಂ.ಎಡ್. ಪ್ರಬಂಧ ತೆರೆದು ಖಾತ್ರಿ ಮಾಡಿಕೊಳ್ಳೋಣವೆಂದರೆ ಅಲ್ಲಿ ನಾನು ಮಾಹಿತಿಗೆಂದು ಸುತ್ತಿದ ಶಾಲೆಗಳ ಊರಿನ ಹೆಸರಿಲ್ಲ, ಇದಕ್ಕೆ ‘ಶಾಲೆ ೧೭’ ಎಂದಷ್ಟೇ ಇದೆ. ವಿಷಯ, ಪ್ರೌಢಶಾಲೆಗಳಲ್ಲಿ ತಂತ್ರಜ್ಞಾನದ ಬಳಕೆ ಮತ್ತು ಮಕ್ಕಳ ಫಲಿತಾಂಶ. ಅಂಥ ಪ್ರಬಂಧವನ್ನು ಪೂರ್ತಿ ಕೈಯಲ್ಲಿ ಬರೆದು ಉಮರ್ಗಾ ಬಸ್‌ಸ್ಟ್ಯಾಂಡಿನ ಎದುರಿನ ಟೈಪಿಂಗ್ ಅಂಗಡಿಗೆ ಕೊಟ್ಟು ಬಂದವಳು ನಾನು. ಕಂಪ್ಯೂಟರಿನ ಮುಂದೆ ಕೂತರೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಂತಾಗುತ್ತಿತ್ತು. ಇದನ್ನು ಯಾವ ಅಧ್ಯಾಯದಲ್ಲೂ ಬರೆದಿಲ್ಲ.

ಮುಖ್ಯಾಧ್ಯಾಪಕರು ಮೀಟಿಂಗಿಗೆ ಹೋಗಿದ್ದರು. ನನ್ನನ್ನು ಕರೆದು ಕೂಡಿಸಿದವಳು ಮಹಾನಂದಾ, ವರ್ಷದ ಕರಾರಿನ ಮೇಲಿದ್ದ ಕಂಪ್ಯೂಟರ್ ಟೀಚರು. ಇಬ್ಬರೂ ಸೆರಗು ಸರಿಮಾಡಿಕೊಂಡು ಗಂಭೀರ ಮರಾಠಿಯಲ್ಲಿ ಮಾತಾಡಿದೆವು. ಮಕ್ಕಳನ್ನು ಎಣಿಸುವಾಗ ನನ್ನ ತುಟಿ “ಹನ್ನೊಂದ, ಹನ್ನೆರಡ” ಎಂದದ್ದು ಅವಳ ಕಿವಿಗೆ ಬಿತ್ತು.

“ಅಯ್ಯ ಅಕ್ಕಾರ, ನೀವು ನಮ್ಮ ಕಡ್ಯಾವರೇನ್ರಿ?”

ನಾನು ಬಸವಕಲ್ಯಾಣದವಳು, ಅವಳು ಔರಾದದವಳು. ಇಬ್ಬರೂ ಗಡಿ ದಾಟಿ ಈ ಮರಾಠಿ ಕಡೆಗೆ ಮದುವೆಯಾಗಿ ಬಂದವರು. ಮರಾಠಿ ಅಲ್ಲಿಗೆ ಮುಗಿಯಿತು. ಕಂಪ್ಯೂಟರುಗಳನ್ನು ತೋರಿಸಿದಳು. ಆ ಕಡೆಯ ಕಲ್ಲುಮನೆಗಳನ್ನು ಜನರ ಮೇಲೆ ಕೆಡವಿದ ಭೂಕಂಪಕ್ಕೂ ಮೊದಲಿನ ಒಂದು ಕಲ್ಲಿನ ಕೋಣೆ, ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು. ಮಕ್ಕಳ ತರಗತಿಗಳೆಲ್ಲ ಆಮೇಲೆ ಹಾಕಿದ ತಗಡಿನ ಶೆಡ್ಡುಗಳಲ್ಲಿ. ಶೆಡ್ಡಿನ ಬಾಗಿಲು ಆಡು ಗುದ್ದಿದರೂ ತೆರೆಯುತ್ತದೆ, ಕೋಣೆಯ ಬಾಗಿಲು ಮಾತ್ರ ಗಟ್ಟಿ ಸಾಗವಾನಿಯದು. ಆದ್ದರಿಂದ ಕಂಪ್ಯೂಟರುಗಳು ಅಲ್ಲೇ. ಆದರೆ ಕಲ್ಲಿನ ಮಾಡಿನ ಕೆಳಗೆ ಮಕ್ಕಳನ್ನು ಕಳಿಸಲು ಆ ಊರಿನ ಯಾವ ತಾಯಿಯೂ ಒಪ್ಪುತ್ತಿರಲಿಲ್ಲ.

“ಕಳ್ಳರ ಅಂಜಿಕಿ ಇಲ್ಲೇನವ್ವ?” ಎಂದೆ.

“ಕಳ್ಳರಿಗೂ ಹೆಂಡ್ರು ಮಕ್ಕಳು ಇರ್ತಾರ್ರೀ. ಅವರೂ ಒಳಗ ಹೋಗಲ್ಲ.”

ನಾನು ಫಾರಂ ತೆಗೆದೆ. ವಾರಕ್ಕೆ ಎಷ್ಟು ತಾಸು ಮಕ್ಕಳು ಕಂಪ್ಯೂಟರಿನ ಮುಂದೆ ಕೂಡುತ್ತಾರೆ ಎಂದು ಕೇಳಿದೆ.

“ಖರೇ ಹೇಳಲೇನ್ರಿ? ಒಂದ್ ತಾಸೂ ಇಲ್ಲ. ಆದ್ರ ಕಲಿಸೀನಿ. ಬರ್ರಿ, ತೋರಸ್ತೀನಿ.”

ಅಂಗಳದಲ್ಲಿ ಸುಣ್ಣದಿಂದ ಚೌಕಗಳನ್ನು ಬರೆದಿದ್ದಳು. ಕುಂಟಬಿಲ್ಲೆಯ ಮನೆಗಳೆಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಇಡೀ ಕೀಬೋರ್ಡು, ಒಂದು ಅಕ್ಷರವೂ ಸ್ಥಾನ ತಪ್ಪಿಲ್ಲ. ಕುರಿ ಕಾಯುವ ಮನೆಯ ರುಕ್ಮಿಣಿ ಎಂಬ ಹುಡುಗಿ, ಲಂಗ ಎತ್ತಿ ಕಟ್ಟಿ, ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಚೌಕದಿಂದ ಚೌಕಕ್ಕೆ ಕುಣಿದು ತೋರಿಸಿದಳು. ದೊಡ್ಡ ಅಕ್ಷರ ಬೇಕಾದಾಗ ಗೆಳತಿಯೊಬ್ಬಳು ಓಡಿಬಂದು ಶಿಫ್ಟ್ ಚೌಕದ ಮೇಲೆ ನಿಲ್ಲುತ್ತಿದ್ದಳು. ಆಮೇಲೆ, “ಮ್ಯಾಡಮ್, ಈಗ ನೀವು ಕುಣೀರಿ!” ಎಂದು ಎಲ್ಲರೂ ಗಂಟುಬಿದ್ದರು. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು ಇಳಿದೆ. ಎರಡನೇ ಅಕ್ಷರಕ್ಕೇ ದಾರಿ ತಪ್ಪಿದೆ. “ಮ್ಯಾಡಮ್ ಇನ್ನಾ ಹುಡುಕಲಿಕ್ಕತ್ತಾರ,” ಎಂದು ರುಕ್ಮಿಣಿ ಉಳಿದವರಿಗೆ ವರದಿ ಕೊಟ್ಟಳು. ಇದು ನಡೆದದ್ದೋ, ಅಥವಾ ನಡೆಯಬೇಕಿತ್ತು ಎಂದು ನಾನು ಆಮೇಲೆ ಸೇರಿಸಿದ್ದೋ, ಆಣೆ ಮಾಡಿ ಹೇಳಲಾರೆ. ಮುಂದಿನದು ಮಾತ್ರ ನಡೆದದ್ದೇ.

ಫಾರಮಿನ ಒಂದು ಪ್ರತಿಯನ್ನು ಶಾಲೆಯಲ್ಲೇ ಬಿಟ್ಟು ಬರಬೇಕಿತ್ತು. ಮುಖ್ಯಾಧ್ಯಾಪಕರು ಅದನ್ನೇ ಜಿಲ್ಲೆಗೆ ಕಳಿಸುವವರಿದ್ದರು. ಆ ತಿಂಗಳೇ ಅವಳ ಕರಾರು ಮುಂದುವರಿಸುವ ವಿಚಾರ ನಡೆದಿತ್ತು.

“ಸೊನ್ನಿ ಬರದ್ರ ನನ್ನ ಕೆಲಸ ಹೋಗ್ತದ ಅಕ್ಕಾರ. ನಾಲ್ಕ್ ತಾಸು ಬರೀರಿ. ಅಂಗಳದಾಗ ವಾರಕ್ಕ ನಾಲ್ಕ್ ತಾಸು ಕುಣಸ್ತೀನಿ, ಅದ್ರಾಗ ಸುಳ್ಳಿಲ್ಲ.”

“ಫಾರಮಿನಾಗ ಅಂಗಳದ ಕಾಲಮ್ ಇಲ್ಲಲ್ಲವ್ವ.”

“ಕಾಲಮ್ ಮಾಡ್ದೋರು ಯಾರ್ರಿ?”

“ನಾನೇ.”

“ಮತ್ತ? ಇಲ್ಲಿಗಿ ಬರೋಕಿಂತ ಮೊದಲೇ ಮಾಡೀರಿ,” ಎಂದಳು. ಬೈಗುಳವೇನೂ ಅಲ್ಲ, ಆದರೂ ನನಗೆ ಸರಿಯಾಗಿ ನಾಟಿತು. ನಾಲ್ಕು ಎಂದು ಬರೆದೆ.

ಅವಳ ಮೇಲಿನ ಕನಿಕರಕ್ಕೆ ಬರೆದೆ ಎಂದೇ ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಆದರೆ ಆ ಶಾಲೆಯ ಮಕ್ಕಳ ಅಂಕಗಳ ಹಾಳೆ ಆಗಲೇ ನನ್ನ ಚೀಲದಲ್ಲಿತ್ತು. ಒಳ್ಳೆಯ ಅಂಕಗಳು. ಸೊನ್ನೆ ಬರೆದಿದ್ದರೆ, ಕಂಪ್ಯೂಟರ್ ಹೆಚ್ಚಿದಂತೆ ಅಂಕ ಹೆಚ್ಚುತ್ತದೆ ಎಂಬ ನನ್ನ ತೀರ್ಮಾನ ಅಲ್ಲೇ ಕುಂಟುತ್ತಿತ್ತು. ನಾಲ್ಕು ಬರೆದದ್ದರಿಂದ ನಕ್ಷೆಯ ಗೆರೆ ಚೆಂದವಾಗಿ ಮೇಲೇರಿತು. ಮಾರ್ಗದರ್ಶಕರು ಮೆಚ್ಚಿದರು, ಪದವಿ ಬಂತು, ಅದರ ಬೆನ್ನಿಗೆ ನನಗೆ ಕಾಯಂ ಕೆಲಸವೂ ಬಂತು.

ಮಹಾನಂದಾಳ ಕೆಲಸ ಉಳಿಯಿತೇ, ಗೊತ್ತಿಲ್ಲ. ಆಗಲೇ ಹೋಗಿ ಕೇಳಬಹುದಿತ್ತು, ಅಷ್ಟೇನೂ ದೂರವಲ್ಲ. ಹೋಗಲಿಲ್ಲ. ಆ ನಾಲ್ಕನ್ನು ಅವಳಿಗಾಗಿ ಬರೆದೆನೋ ನನಗಾಗಿಯೋ, ಅದೂ ಗೊತ್ತಿಲ್ಲ.