ಪಚ್ಚುವಿಗೆ ಮಾಡಿದ ಉಪಚಾರ

ಮಾತು ಬದಲಿಸುವವರನ್ನು ಊಸರವಳ್ಳಿ ಎಂದು ಬೈಯುವ ಅಭ್ಯಾಸ ನನಗೂ ಇತ್ತು. ಬೆಳಿಗ್ಗೆ ರಜೆ ಕೊಡುತ್ತೇನೆಂದು ಹೇಳಿ ಮಧ್ಯಾಹ್ನ ಇಲ್ಲವೆನ್ನುವ ನಮ್ಮ ಮ್ಯಾನೇಜರನ್ನು ಮನಸ್ಸಿನಲ್ಲೇ ಎಷ್ಟು ಸಲ ಹಾಗೆ ಕರೆದಿದ್ದೇನೋ, ಲೆಕ್ಕವಿಲ್ಲ. ಒಂದು ನಿಜವಾದ ಊಸರವಳ್ಳಿಯ ಜೊತೆ ಒಂದು ಬೇಸಿಗೆ ಸಂಸಾರ ಮಾಡಿದ ಮೇಲೆ ಆ ಬೈಗುಳ ಬಿಟ್ಟಿದ್ದೇನೆ. ಮ್ಯಾನೇಜರ ಮೇಲೆ ಗೌರವ ಹುಟ್ಟಿತೆಂದಲ್ಲ, ಆ ಪ್ರಾಣಿಗೆ ಅವಮಾನವಾಗಬಾರದೆಂದು. ಮನಸ್ಸಿನಲ್ಲಿರುವುದನ್ನು ಮುಚ್ಚಿಡುವುದು ಅದಕ್ಕೆ ಬರುವುದೇ ಇಲ್ಲ. ನಿಮ್ಮನ್ನು ಕಂಡರಾಗದಿದ್ದರೆ ನಿಮ್ಮೆದುರೇ ಕಪ್ಪಾಗುತ್ತದೆ. ನನ್ನನ್ನು ಕಂಡಾಗಲೆಲ್ಲ ಅದು ಕಪ್ಪಾಗುತ್ತಿತ್ತು.

ಅದು ನಮ್ಮದಲ್ಲ. ಇಲ್ಲಿ ಗಲ್ಫಿನಲ್ಲಿ, ಅಲ್ ಗುಬ್ರಾದ ನಮ್ಮ ಕಟ್ಟಡದಲ್ಲಿ ಎದುರು ಬಾಗಿಲಿನವರು ಹಮೀದಾಕ, ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮರು, ಅತ್ತರಿನ ಅಂಗಡಿ ಇಟ್ಟವರು. ಬೇಸಿಗೆ ರಜೆಗೆ ಊರಿಗೆ ಹೋಗುವವರು ಮನೆಯ ಬೀಗದ ಕೈ, ಬಾಲ್ಕನಿಯ ಕರಿಬೇವಿನ ಗಿಡ, ಆಗಾಗ ಸ್ಟಾರ್ಟ್ ಮಾಡಿಡಬೇಕಾದ ಕಾರು ಎಲ್ಲವನ್ನೂ ಪಕ್ಕದವರಿಗೆ ಒಪ್ಪಿಸಿ ಹೋಗುವುದು ಇಲ್ಲಿ ನಮ್ಮವರ ಅಲಿಖಿತ ಕಾನೂನು. ಅದಕ್ಕೆ ಬದಲಾಗಿ ಅವರ ಸೂಟ್‌ಕೇಸಿನಲ್ಲಿ ಪಕ್ಕದವರ ಪಾರ್ಸೆಲ್ಲಿಗೆ ಒಂದಿಷ್ಟು ಜಾಗ. ಈ ಸಲ ನನ್ನ ಪಾರ್ಸೆಲ್ ದೊಡ್ಡದೇ ಇತ್ತು. ಮಂಗಳೂರಿನಲ್ಲಿ ಅಕ್ಕನ ಮಗಳ ಮದುವೆ, ಅದರ ಹಿಂದಿನ ದಿನ ತೆಂಗಿನಹಾಲು ಹಚ್ಚಿ ಮೀಯಿಸುವ ರೋಸ್ ಶಾಸ್ತ್ರ. ಅದಕ್ಕೆ ಬಟ್ಟೆಬರೆ ಕಳಿಸಬೇಕಿತ್ತು.

“ಪೊರ್ಬುಗಳೇ, ನಿಮ್ಮ ಸಾಮಾನು ನನ್ನ ಪೆಟ್ಟಿಗೆಯಲ್ಲಿ ಭದ್ರ ಉಂಟು,” ಎಂದರು ಹಮೀದಾಕ. ನಮ್ಮ ಕೊಂಕಣಿ ಕ್ರೈಸ್ತರನ್ನು ಊರಲ್ಲಿ ಕರೆಯುವ ಹಾಗೇ ಅವರು ನನ್ನನ್ನು ಇಲ್ಲೂ ಕರೆಯುವುದು. “ನಮ್ಮ ಮಗಳು ಶಿಫಾನ ಒಂದು ಸಣ್ಣ ಸಾಮಾನು ನಿಮ್ಮಲ್ಲಿ ಇಡ್ಲಿಕ್ಕುಂಟು ಮಾರಾಯ್ರೆ. ಎಂತ ತೊಂದರೆಯೂ ಇಲ್ಲ.”

ಹೂವಿನ ಕುಂಡವಿರಬೇಕೆಂದು ಧಾರಾಳವಾಗಿ ಒಪ್ಪಿಕೊಂಡೆ. ಬಂದದ್ದು ಆಳೆತ್ತರದ ಬಲೆಯ ಗೂಡು, ಬಿಸಿಗೆ ಒಂದು ದೀಪ, ನೀರು ಸಿಂಪಡಿಸುವ ಬಾಟಲಿ, ಒಳಗೆ ಕಿರ್ರೆನ್ನುವ ಜೀವಂತ ಮಿಡತೆಗಳ ಡಬ್ಬಿ ಮತ್ತು ಪಚ್ಚು. ಪಚ್ಚು ಒಂದು ಕಣ್ಣಿನಿಂದ ನನ್ನನ್ನೂ ಇನ್ನೊಂದು ಕಣ್ಣಿನಿಂದ ನನ್ನ ಹೆಂಡತಿ ಲವೀನಾಳನ್ನೂ ಒಂದೇ ಹೊತ್ತಿಗೆ ಅಳೆದು, ಇಬ್ಬರೂ ಬೇಡವೆಂದು ತೀರ್ಮಾನಿಸಿ, ಕೊಂಬೆಯ ಆಚೆಗೆ ಸರಿಯಿತು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ನಮ್ಮ ಮನೆ ಜಿರಳೆಗೆ ಮದ್ದು ಹೊಡೆಸಿ ಹೊಡೆಸಿ ಸುಸ್ತಾದ ಮನೆ. ಅಂಥ ಮನೆಗೆ ನಾನೇ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹುಳುಗಳನ್ನು ತರುವಂತಾಯಿತು. ಅದರಲ್ಲೊಂದು ತಪ್ಪಿಸಿಕೊಂಡು ಫ್ರಿಜ್ಜಿನಡಿ ಸೇರಿ, ನಮ್ಮ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ದನಿಗೂಡಿಸತೊಡಗಿತು. ಪಚ್ಚು ಬಟ್ಟಲಲ್ಲಿಟ್ಟ ನೀರು ಮುಟ್ಟುವುದಿಲ್ಲ. ಎಲೆಗಳ ಮೇಲೆ ಸಿಂಪಡಿಸಬೇಕು, ಹನಿ ಹನಿಯಾಗಿ ಇಳಿಯುವುದನ್ನು ಅದು ನೆಕ್ಕಬೇಕು. ಎ.ಸಿ. ಗಾಳಿ ಅದಕ್ಕೆ ಆಗುವುದಿಲ್ಲ. ಹೊರಗೆ ಕಾರಿನ ಸ್ಟಿಯರಿಂಗ್ ಮುಟ್ಟಿದರೆ ಕೈ ಸುಡುವ ಬಿಸಿಲು; ಒಳಗೆ ಹಾಲಿನ ಎ.ಸಿ. ಆರಿಸಿ, ಬೆವರು ಒರೆಸುತ್ತಾ ನಾವು ಮೀನು ಸಾರು ಊಟ ಮಾಡಿದೆವು. ಪಚ್ಚು ದೀಪದಡಿ ರಾಜನ ಹಾಗೆ ಕೂತಿತ್ತು.

ಇಷ್ಟನ್ನೆಲ್ಲ ಸಹಿಸಬಹುದಿತ್ತು. ಆದರೆ ಅದು ಊಟ ಬಿಟ್ಟಿತು.

ನಮ್ಮಲ್ಲಿ ಮನೆಗೆ ಬಂದವರು ಉಣ್ಣದಿದ್ದರೆ ಅದು ಮನೆಯವರಿಗೇ ಅವಮಾನ. ಎದುರಿಗೆ ಕೂತು, ಇನ್ನೊಂದು ತುಂಡು, ಇನ್ನೊಂದು ಸೌಟು ಎಂದು ಬಲವಂತ ಮಾಡಿ, ಬೇಡವೆಂದು ಅಡ್ಡ ಹಿಡಿದ ಕೈಯ ಮೇಲೇ ಬಡಿಸಿದರೆ ಮಾತ್ರ ಉಪಚಾರ. ನಾನು ಅದರಲ್ಲಿ ಪಳಗಿದವನು. ಗೂಡಿನೆದುರು ಪ್ಲಾಸ್ಟಿಕ್ ಸ್ಟೂಲ್ ಹಾಕಿ ಕೂತೆ. ಇಕ್ಕಳದಲ್ಲಿ ಮಿಡತೆ ಹಿಡಿದು, “ತಿನ್ನು ಮಗಾ, ಒಂದೇ ಒಂದು,” ಎಂದು ಅದರ ಬಾಯಿಯ ಹತ್ತಿರ ಆಡಿಸಿದೆ. ಅದು ಕಪ್ಪಾಯಿತು. ಸಂಕೋಚವಿರಬೇಕೆಂದು ಇನ್ನಷ್ಟು ಹತ್ತಿರ ಸರಿದೆ. ಇನ್ನಷ್ಟು ಕಪ್ಪಾಗಿ ಬಾಯಿ ತೆರೆದು ಬುಸ್ಸೆಂದಿತು. ಬಾಯಿ ತೆರೆಯಿತಲ್ಲ ಎಂದು ಖುಷಿಯಿಂದ ಮಿಡತೆ ಮುಂದೆ ಹಿಡಿದರೆ ಬೆರಳನ್ನೇ ಕಚ್ಚಿತು.

ನಿತ್ಯವೂ ಸಂಜೆ ಊರಿಂದ ಶಿಫಾಳ ವಿಡಿಯೋ ಕಾಲ್. “ಅಂಕಲ್, ಪಚ್ಚು ತಿಂದನಾ?” ಎಂದು ಕೇಳುತ್ತಾಳೆ, ನಾನು ಫೋನನ್ನು ಕರಿಬೇವಿನ ಗಿಡದ ಕಡೆ ತಿರುಗಿಸುತ್ತೇನೆ. ಹೀಗೆ ಎಷ್ಟು ದಿನ? ನನಗೆ ನಿಜವಾಗಿಯೂ ಭಯವಾಯಿತು. ಹಮೀದಾಕನಿಗಾದರೆ ಏನಾದರೂ ಹೇಳಬಹುದು. ಪಚ್ಚುವನ್ನು ಹೆಗಲ ಮೇಲೆ ಕೂರಿಸಿಕೊಂಡೇ ಹೋಂವರ್ಕ್ ಮಾಡುವ ಆ ಹುಡುಗಿಗೆ ಏನೆಂದು ಹೇಳಲಿ?

“ನಿಮ್ಮ ಮುಸುಡು ನೋಡಿದ್ರೆ ಯಾರಿಗೆ ಹಸಿವಾಗ್ತದೆ?” ಎಂದಳು ಲವೀನಾ. ನಾನು ಕೆರಳಿದೆ. ನಮ್ಮ ಮಗಳು ರಿಯಾ ಕೋಣೆಯ ಬಾಗಿಲು ಒಂದಿಷ್ಟು ತೆರೆದು, “ಡ್ಯಾಡಿ, ಸ್ಟಾಪ್ ಸ್ಟೇರಿಂಗ್ ಅಟ್ ಹಿಮ್,” ಎಂದಳು. ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಶುಕ್ರವಾರ ಇಲ್ಲಿ ವಾರದ ರಜೆ, ಇಗರ್ಜಿಗೆ ಹೋದೆವು. ಎಲ್ಲರೂ ಕೆಲಸಕ್ಕೋ ಕಾಯಿಲೆಗೋ ಮೇಣದಬತ್ತಿ ಹಚ್ಚುತ್ತಿದ್ದಾಗ, ನಾನು ಒಂದು ಬ್ಯಾರಿ ಮನೆಯ ಊಸರವಳ್ಳಿಗೆ ಹಸಿವಾಗಲಿ ಎಂದು ಹಚ್ಚಿದೆ. ಪೂಜೆ ಮುಗಿದು, ಪರಿಚಯದವರ ಮಾತು ಮುಗಿದು, ಟ್ರಾಫಿಕ್ಕಿನಲ್ಲಿ ತೆವಳಿ ಮನೆ ಸೇರುವಾಗ ಕತ್ತಲಾಗುತ್ತಾ ಬಂದಿತ್ತು. ಅಂದು ಮೊದಲ ಸಲ ಗೂಡಿನಲ್ಲೇ ಬಿಟ್ಟು ಹೋಗಿದ್ದ ಮಿಡತೆಗಳಲ್ಲಿ ಒಂದೂ ಇಲ್ಲ! ಪಚ್ಚು ಬಾಳೆಯ ಚಿಗುರಿನ ಬಣ್ಣಕ್ಕೆ ತಿರುಗಿ, ಹೊಟ್ಟೆ ಊದಿಸಿ, ತೃಪ್ತಿಯಿಂದ ಕೂತಿತ್ತು. ನನ್ನನ್ನು ಕಂಡದ್ದೇ ಮತ್ತೆ ಕಪ್ಪು.

“ಮೇಣದಬತ್ತಿ ಫಲ ಕೊಟ್ಟಿತು,” ಎಂದೆ.

“ನೀವು ಮನೆಯಲ್ಲಿ ಇರ್ಲಿಲ್ಲ, ಅದೇ ಫಲ,” ಎಂದಳು ಲವೀನಾ. ಅವಳು ಗೂಡಿಗೆ ಹಳೆಯ ಬೆಡ್‌ಶೀಟಿನ ಮರೆ ಕಟ್ಟಿದಳು. ಮರುದಿನದಿಂದ ಪಚ್ಚು ಎಗ್ಗಿಲ್ಲದೆ ಉಂಡಿತು. ನಾನು ನನ್ನ ಮನೆಯ ಹಾಲಿನಲ್ಲೇ ಕಳ್ಳಹೆಜ್ಜೆ ಇಡುತ್ತಾ ಓಡಾಡಿದೆ. ರಿಯಾ ಯಾಕೆ ತಟ್ಟೆ ಹಿಡಿದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆಂದು ಆಗ ಸಣ್ಣ ಅನುಮಾನ ಬಂತು. ಕೇಳುವ ಧೈರ್ಯವಾಗಲಿಲ್ಲ.

ರಜೆ ಮುಗಿಸಿ ಬಂದ ಹಮೀದಾಕ ನಮ್ಮನ್ನು ಊಟಕ್ಕೆ ಕರೆದರು. ಅಕ್ಕ ಕಳಿಸಿದ ಮದುವೆಯ ಸಿಹಿಯ ಪೊಟ್ಟಣವೂ ಭದ್ರವಾಗಿ ತಲುಪಿತು. ಬಿರಿಯಾನಿಯ ದೊಡ್ಡ ತಟ್ಟೆ ಮುಂದಿಟ್ಟು ಹಮೀದಾಕ ನನ್ನೆದುರೇ ಕುರ್ಚಿ ಎಳೆದುಕೊಂಡು ಕೂತರು.

“ಎಂತ ಪೊರ್ಬುಗಳೇ, ನೀವು ಎಂತದೂ ತಿನ್ಲೇ ಇಲ್ಲ! ನಮ್ಮ ಪಚ್ಚುವನ್ನು ಅಷ್ಟು ಚೆಂದ ನೋಡಿಕೊಂಡಿದ್ದೀರಿ.” ಒಂದು ಸೌಟು ಬಿತ್ತು. ಕೈ ಅಡ್ಡ ಹಿಡಿದೆ. ಕೈಯ ಮೇಲೆ ಇನ್ನೊಂದು ತುಂಡು ಕೋಳಿ ಬಿತ್ತು. “ನಾಚಿಕೆ ಮಾಡ್ಬೇಡಿ, ಇದು ನಿಮ್ಮದೇ ಮನೆ. ಇದೊಂದು ತಿನ್ನಿ, ಇದೊಂದೇ.” ನಾನು ಅನ್ನವನ್ನು ತಟ್ಟೆಯ ಒಂದು ಬದಿಗೆ ಸರಿಸುತ್ತಾ ಕೂತೆ.

ಪಚ್ಚುವನ್ನು ಹೆಗಲ ಮೇಲಿಟ್ಟುಕೊಂಡು ನಿಂತಿದ್ದ ಶಿಫಾ ನನ್ನ ಮುಖವನ್ನೇ ನೋಡುತ್ತಿದ್ದಳು.

“ಬಾಪ, ನೀವು ಸ್ವಲ್ಪ ಆಚೆ ಹೋಗಿ,” ಎಂದಳು. “ಅಂಕಲ್ ಕಪ್ಪಾಗಿದ್ದಾರೆ.”

ಹಮೀದಾಕ ನಗುತ್ತಾ ಎದ್ದು ಅಡುಗೆಮನೆಗೆ ಹೋದರು. ಅವರು ಮೊಸರು ಹಿಡಿದು ಬರುವಷ್ಟರಲ್ಲಿ ನನ್ನ ತಟ್ಟೆ ಖಾಲಿಯಾಗಿತ್ತು.